ಬಂದೆ ಎಂದ ದೀಪ

ನವಿಲಹಳ್ಳದ ದೊಡ್ಡಾಸ್ಪತ್ರೆಯಲ್ಲಿ ಸೂತ್ರಧಾರ ಕೆಲಸಕ್ಕೆ ಇಳಿದ ಮೊದಲ ದಿನ, ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಟ ಒಂದು ಹೃದಯದ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ಮೇಲಿನ ಮಹಡಿಯ ತಜ್ಞರ ಮೇಜನ್ನು ಮುಟ್ಟಿತು. ಅದೇ ಹೊತ್ತಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಒಬ್ಬಾತ ಕದ್ದು ನೋಡುತ್ತಿದ್ದ ಕ್ರಿಕೆಟ್ ಪಂದ್ಯ ನಡು ಓವರಿನಲ್ಲಿ ಗಕ್ಕನೆ ನಿಂತಿತು. ಪಂದ್ಯ ನೋಡುತ್ತಿದ್ದವನು ಆಡಳಿತಕ್ಕೆ ಹಿಡಿಶಾಪ ಹಾಕಿದ. ಹೃದಯದ ಒಡೆಯ ಬದುಕಿಕೊಂಡ. ಒಬ್ಬನ ಸಂಗತಿ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದದ್ದು ಸೂತ್ರಧಾರನೊಬ್ಬನಿಗೇ.

ಸೂತ್ರಧಾರ ಮನುಷ್ಯನಲ್ಲ, ಒಂದು ಸಾಫ್ಟ್‌ವೇರ್. ಹಿಂದೆ ಆಸ್ಪತ್ರೆಯ ಗೋಡೆಗಳಲ್ಲಿ, ಮೆಟ್ಟಿಲುಗಳ ಕೆಳಗೆ, ಅಟ್ಟಗಳ ಮೇಲೆ ನೂರಾರು ಸ್ವಿಚ್ಚುಗಳು ಕೂತಿದ್ದವು. ಇವು ದೀಪ ಹಚ್ಚುವ ಸ್ವಿಚ್ಚುಗಳಲ್ಲ. ಮಾಹಿತಿಯ ಕವಲುದಾರಿಗಳಲ್ಲಿ ಕೂತು, ಇದು ಇತ್ತ, ಅದು ಅತ್ತ ಎಂದು ಸಾಗಹಾಕುವ ಪೆಟ್ಟಿಗೆಗಳು. ಪ್ರತಿಯೊಂದೂ ತನ್ನ ತಲೆಯಿಂದಲೇ ಯೋಚಿಸುತ್ತಿತ್ತು, ಆದರೆ ಪಕ್ಕದ ಪೆಟ್ಟಿಗೆಯಿಂದಾಚೆ ಏನು ನಡೆದಿದೆ ಎಂಬುದು ಯಾವುದಕ್ಕೂ ಸರಿಯಾಗಿ ತಿಳಿಯದು. ಎಕ್ಸ್‌ರೇ ಚಿತ್ರಕ್ಕೂ ಕ್ರಿಕೆಟ್ಟಿಗೂ ಅವು ಒಂದೇ ಮರ್ಯಾದೆ ಕೊಡುತ್ತಿದ್ದವು. ಹೊಸ ಪದ್ಧತಿಯಲ್ಲಿ ಯೋಚಿಸುವ ಕೆಲಸವನ್ನೂ ಸಾಗಿಸುವ ಕೆಲಸವನ್ನೂ ಬೇರೆ ಮಾಡಲಾಯಿತು. ಸ್ವಿಚ್ಚುಗಳು ಕೈಕಾಲುಗಳಾಗಿ ಉಳಿದವು, ತಲೆ ಮಾತ್ರ ಒಂದೇ ಆಯಿತು. ಇಡೀ ಜಾಲವನ್ನು ಮೇಲಿನಿಂದ ನೋಡುತ್ತ, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಯಾವ ದಾರಿ ಎಂದು ಅಪ್ಪಣೆ ಕೊಡುವ ಆ ತಲೆಯೇ ಸೂತ್ರಧಾರ.

ಅವನನ್ನು ಮನೆ ತುಂಬಿಸಿಕೊಂಡವಳು ಜಾಲದ ಮುಖ್ಯ ಎಂಜಿನಿಯರ್ ನೀಲಗಂಗಾ ಮುಳಗುಂದ. ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೆಲಸ ಹಿಡಿದರೆ ಊಟದ ನೆನಪಿಲ್ಲ. ಈ ಕೆಲಸ ಅವಳ ಒಂದು ವರ್ಷವನ್ನು ತಿಂದುಹಾಕಿತ್ತು. ಹಳೆಯ ಸ್ವಿಚ್ಚುಗಳಲ್ಲಿ ಅರ್ಧಕ್ಕರ್ಧ ಪರರ ಅಪ್ಪಣೆ ಕೇಳುವ ಜಾತಿಯವೇ ಅಲ್ಲ, ಅವನ್ನು ಕಿತ್ತೆಸೆಯಬೇಕಾಯಿತು. ಇನ್ನು ಕೆಲವು ಕೇಳುತ್ತಿದ್ದವು, ಆದರೆ ನೆನಪಿನ ಜಾಗ ಸಾಲದೆ, ಹೊಸ ನಿಯಮ ಹೇಳಿದ ಕೂಡಲೇ ಹಳೆಯದನ್ನು ಮರೆಯುತ್ತಿದ್ದವು. ಹೊಸ ಸ್ವಿಚ್ಚುಗಳನ್ನು ಎರಡು ಕಂಪನಿಗಳಿಂದ ತರಿಸಲಾಗಿತ್ತು. ಎರಡೂ ಕಂಪನಿಯವರು ತಮ್ಮದು ಎಲ್ಲರಿಗೂ ಅರ್ಥವಾಗುವ ಒಪ್ಪಿತ ಭಾಷೆಯೆಂದು ಆಣೆ ಮಾಡಿ ಹೇಳಿದ್ದರು. ಜೋಡಿಸಿ ನೋಡಿದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಒಂದೇ ತಲೆಯಾದ್ದರಿಂದ ಅದು ಕೆಟ್ಟರೆ ಗತಿಯೇನೆಂದು ಅದರ ಪಕ್ಕದಲ್ಲಿ ಇನ್ನೊಂದು ತಲೆಯನ್ನೂ ಕೂರಿಸಬೇಕಾಯಿತು. ಇಷ್ಟೆಲ್ಲ ಮುಗಿದು ಸೂತ್ರಧಾರ ಒಂದು ಹದಕ್ಕೆ ಬಂದ ಎನ್ನುವಷ್ಟರಲ್ಲಿ ಹಳೆಯ ವಾರ್ಡಿನ ತಕರಾರು ಶುರುವಾಯಿತು.

ಅದು ಕಲ್ಲುಕಟ್ಟಡದ ಹೆಂಗಸರ ವಾರ್ಡು. ಉದ್ದನೆಯ ಒಂದು ಪಡಸಾಲೆ, ಎರಡೂ ಕಡೆ ಮಂಚಗಳ ಸಾಲು. ಪ್ರತಿ ಮಂಚದ ಪಕ್ಕದಲ್ಲಿ ವೈರಿನ ತುದಿಗೆ ಒಂದು ಗುಂಡಿ, ತಲೆಯ ಮೇಲೆ ಗೋಡೆಗೆ ಒಂದು ದೀಪ. ಗುಂಡಿ ಒತ್ತಿದರೆ ದೀಪ ಕೆಂಪಾಗುತ್ತದೆ. ಕರೆ ಕೇಳಿಸಿತು ಎಂದು ಯಾರಾದರೂ ತಿಳಿಸಿದರೆ ಹಸಿರಾಗುತ್ತದೆ. ಈ ಗುಂಡಿ ದೀಪಗಳ ವೈರುಗಳೆಲ್ಲ ಬಂದು ಸೇರುವ ಕರೆಗಂಟೆಯ ಹಲಗೆಯನ್ನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಆ ಕಟ್ಟಡವನ್ನು ಎರಡು ವರ್ಷದಲ್ಲಿ ಕೆಡವುವುದೆಂದು ತೀರ್ಮಾನವಾಗಿದ್ದರಿಂದ ಹೊಸದನ್ನು ಕೊಳ್ಳಲು ಮೇಲಿನವರು ಒಪ್ಪಲಿಲ್ಲ. ಹಿಂದೆ ದಾದಿಯೊಬ್ಬಳು ಆ ಹಲಗೆಯ ಮುಂದೆಯೇ ಕೂತಿರುತ್ತಿದ್ದಳು. ಈಗ ದಾದಿಯರಿಗೆ ಮೇಜಿಲ್ಲ, ಮುಂಗೈಗೆ ಕಟ್ಟಿಕೊಳ್ಳುವ ಕೈಪಟ್ಟಿಯಿದೆ. ಕರೆ ಎಲ್ಲಿಂದ ಬಂದರೂ ಹತ್ತಿರದಲ್ಲಿರುವ, ಕೈ ಬಿಡುವಾಗಿರುವ ದಾದಿಗೆ ಅದನ್ನು ಮುಟ್ಟಿಸುವವನು ಸೂತ್ರಧಾರ.

ಆ ಹಲಗೆಗೆ ಒಂದು ಕೆಟ್ಟ ಚಾಳಿಯಿತ್ತು. ಕರೆದ ಕೂಡಲೇ ಉತ್ತರ ಬಾರದಿದ್ದರೆ ಅದು ಕಿರ್ ಎಂದು ಗಂಟೆ ಬಾರಿಸಿ, ಜಾಲದಲ್ಲಿರುವ ಎಲ್ಲರಿಗೂ ಒಟ್ಟಿಗೆ ಬಾಯಿ ಮಾಡಿಕೊಳ್ಳುತ್ತಿತ್ತು. ಸೂತ್ರಧಾರನಿಗೆ ಇದು ಯಾರೋ ಜಾಲದ ಮೇಲೆ ನಡೆಸಿದ ದಾಳಿಯ ಹಾಗೆ ಕಂಡಿತು. ಅವನು ವಾರ್ಡಿನ ಬಾಗಿಲನ್ನೇ ಮುಚ್ಚಿಬಿಟ್ಟ. ಇಡೀ ವಾರ್ಡು ಜಾಲದಿಂದ ಹೊರಗೆ ಬಿತ್ತು, ಸೂತ್ರಧಾರನ ಅಪ್ಪಣೆಯಂತೆ ತಾವೇ ಓಡಾಡುವ ಔಷಧದ ಗಾಡಿಗಳು ದಾರಿ ತಪ್ಪಿ ಹೆರಿಗೆ ವಿಭಾಗಕ್ಕೆ ಹೋದವು.

ಆಗ ನೀಲಗಂಗಾ ದುಭಾಷಿಯನ್ನು ಮಾಡಿದಳು. ಹಲಗೆಗೂ ಸೂತ್ರಧಾರನಿಗೂ ನಡುವೆ ಕೂರುವ ಒಂದು ಪುಟ್ಟ ಪೆಟ್ಟಿಗೆ. ಹಳೆಯ ಹಲಗೆಯ ಮಾತನ್ನು ಹೊಸ ಭಾಷೆಗೆ ತಿರುಗಿಸುವುದು ಅದರ ಕೆಲಸ. ಹಲಗೆ ರಂಪ ಮಾಡಬಾರದಲ್ಲ, ಅದಕ್ಕಾಗಿ ಕರೆ ಬಂದ ತಕ್ಷಣ ದುಭಾಷಿಯೇ ಉತ್ತರ ಕೊಟ್ಟು ದೀಪವನ್ನು ಹಸಿರು ಮಾಡಬೇಕು, ಆಮೇಲೆ ಸಾವಕಾಶವಾಗಿ ಕರೆಯನ್ನು ಸೂತ್ರಧಾರನಿಗೆ ದಾಟಿಸಬೇಕು ಎಂದು ಅವಳು ಬರೆದಳು. ಇದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ, ಯಾರಿಗೂ ಕಾಣುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಹಿತ್ತಿಲಿನಿಂದ ಕರೆದರೆ ಒಳಗಿನವರು "ಬಂದೆ" ಎನ್ನುತ್ತಾರೆ. ಬಂದೆ ಎಂದವರು ಇನ್ನೂ ಎದ್ದೇ ಇರುವುದಿಲ್ಲ. ಆದರೂ ಕರೆದವರಿಗೆ ಅಷ್ಟರಿಂದಲೇ ಸಮಾಧಾನ.

ದುಭಾಷಿಯ ಪರೀಕ್ಷೆಯ ದಿನ ನೀಲಗಂಗಾ ವಾರ್ಡಿನ ನಡುವೆ ನಿಂತು, ಎಲ್ಲರೂ ಗುಂಡಿ ಒತ್ತಿರಿ ಎಂದು ಕೇಳಿಕೊಂಡಳು. ಯಾರೂ ಒತ್ತಲಿಲ್ಲ. ಎಲ್ಲರೂ ಬಾಗಿಲ ಹತ್ತಿರದ ಮಂಚದ ಮುದುಕಿಯ ಕಡೆ ನೋಡಿದರು.

"ಹಿರೇಕಿ ಅದಾಳ, ಆಕಿ ಒತ್ತಲಿ ಮೊದಲ," ಎಂದಳು ಒಬ್ಬಳು.

ಹಿರಿಯಳು ಒತ್ತಿದಳು. ದೀಪ ಹಸಿರಾಯಿತು, ದಾದಿ ಬಂದಳು. ಆಮೇಲೆ ಅವಳಿಗಿಂತ ಕಿರಿಯಳು, ಆಮೇಲೆ ಇನ್ನೊಬ್ಬಳು. "ನೀವು ಒತ್ರಿ", "ಇಲ್ರಿ, ನೀವು ಒತ್ರಿ" ಎಂದು ಉಪಚಾರ ಮಾಡಿಕೊಳ್ಳುತ್ತ, ಒಬ್ಬರ ದಾದಿ ಬಂದು ಹೋದ ಮೇಲೆ ಇನ್ನೊಬ್ಬರಂತೆ ಇಡೀ ವಾರ್ಡು ಪರೀಕ್ಷೆ ಮುಗಿಸಿತು. ಎಲ್ಲ ಕರೆಗಳೂ ಮುಟ್ಟಿದವು. ಇಬ್ಬರು ಒಟ್ಟಿಗೆ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ಆ ಮರ್ಯಾದಸ್ಥ ಹೆಂಗಸರ ನಡುವೆ ಅಂಥ ಪ್ರಶ್ನೆ ಹುಟ್ಟುವುದೇ ಕಷ್ಟವಿತ್ತು.

ಕೆಲವು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಸ್ಪತ್ರೆಯ ಮುಖ್ಯಸ್ಥರಾದ ಡಾಕ್ಟರ್ ಬಳಿಗಾರರು ಸಭೆಯಲ್ಲಿ ಹಳೆಯ ವಾರ್ಡನ್ನು ಹೊಗಳಿದರು. ಅಲ್ಲಿಂದ ಒಂದೂ ದೂರಿಲ್ಲ, ರೋಗಿಗಳು ಬೇರೆ ವಾರ್ಡಿನವರಿಗಿಂತ ಬೇಗ ಗುಣವಾಗಿ ಮನೆಗೆ ಹೋಗುತ್ತಿದ್ದಾರೆ ಎಂದರು. ಹೊಸ ಯಂತ್ರಗಳಿರುವ ವಾರ್ಡುಗಳೇ ಹಿಂದೆ ಬಿದ್ದಿದ್ದವು.

ದ್ಯಾಮವ್ವ ಬಿದ್ದದ್ದು ಆ ದಿನಗಳಲ್ಲಿ. ಸ್ಟೇಶನ್ ರಸ್ತೆಯಲ್ಲಿ ದ್ಯಾಮವ್ವನ ಖಾನಾವಳಿ ಎಂದರೆ ಊರಿಗೆಲ್ಲ ಗೊತ್ತು. ಓದುವ ಕಾಲದಲ್ಲಿ ನೀಲಗಂಗಾ ನಾಲ್ಕು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದಳು. ದ್ಯಾಮವ್ವನಿಗೆ ಗಂಡ ಮಕ್ಕಳು ಇಲ್ಲ, ಒಡಹುಟ್ಟಿದವರು ಉಳಿದಿಲ್ಲ. ಹಿಟ್ಟಿನ ಡಬ್ಬಿ ಇಳಿಸುವಾಗ ಕಾಲು ಜಾರಿ ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸರಳು ಕೂರಿಸಿ ಹಳೆಯ ವಾರ್ಡಿನಲ್ಲಿ ಮಲಗಿಸಿದರು. ರೋಗಿಯ ಜೊತೆ ಒಬ್ಬರು ಇರಲೇಬೇಕೆಂಬುದು ಆಸ್ಪತ್ರೆಯ ನಿಯಮ. ಜೊತೆಗೆ ಯಾರೆಂದು ಕೇಳಿದಾಗ ನೀಲಗಂಗಾ ತನ್ನ ಹೆಸರು ಹೇಳಿದಳು, ಆದರೆ ಹಗಲೆಲ್ಲ ಮಂಚದ ಪಕ್ಕ ಕೂರಲು ಅವಳಿಗೆ ಆಗುವಂತಿರಲಿಲ್ಲ.

"ಅವ್ವಾ, ಈ ಗುಂಡಿ ನೋಡ್ರಿ," ಎಂದು ಅವಳು ದ್ಯಾಮವ್ವನ ಅಂಗೈಯಲ್ಲಿ ಗುಂಡಿಯನ್ನು ಇಟ್ಟಳು. "ಏನರೆ ಬೇಕಾದ್ರ ಒತ್ರಿ. ಇದನ್ನ ನಾನ ಮಾಡೀನಿ. ನಾ ಇಲ್ಲೆ ಕುಂತಂಗ ಅಂತ ತಿಳ್ಕೊರಿ."

"ಇದರಾಗ ನೀ ಏನ್ ಮಾಡಿ?" ದ್ಯಾಮವ್ವ ಗುಂಡಿಯನ್ನು ತಿರುಗಿಸಿ ನೋಡಿದಳು. "ಗುಂಡಿ ಹಳೇದು, ವೈರ್ ಹಳೇದು."

ನೀಲಗಂಗಾಳಿಗೆ ನಗು ಬಂತು. ಮಂಚದ ಅಂಚಿನಲ್ಲಿ ಕೂತು ಹೇಳಿದಳು: "ನಿಮ್ಮ ಖಾನಾವಳ್ಯಾಗ ಬಡಸೂ ಹುಡುಗ್ರು ಇದ್ರಲ್ರಿ. ಎಲ್ಲಾರೂ ತಮಗ ತಿಳಿದಂಗ ಬಡಸಿದ್ರ?"

"ಒಂದು ತಾಟಿಗೆ ನಾಕು ಸಲ ಪಲ್ಯ, ಇನ್ನೊಂದು ತಾಟಿಗೆ ನೀರೂ ಇಲ್ಲ. ಮೊದಲ ಹಂಗ ಆಗ್ತಿತ್ತು. ಆಮ್ಯಾಲ ನಾ ಒಲಿ ಮುಂದ ನಿಂತು ಹೇಳಾಕ ಶುರು ಮಾಡಿದೆ."

"ನಾನೂ ಹಂಗ ಒಬ್ಬನ್ನ ನಿಲ್ಲಿಸೀನ್ರಿ. ಎಲ್ಲಾ ಅವನ ಕಣ್ಣಿಗೆ ಕಾಣಸ್ತದ. ಸ್ವಿಚ್ಚುಗಳು ಅವ ಹೇಳಿದಂಗ ಬಡಸ್ತಾವ ಅಷ್ಟ."

"ಅವಗ ಹಸಿವು ಆಗೂದಿಲ್ಲೇನು?"

"ಇಲ್ರಿ."

"ಹಂಗಾದ್ರ ಸಿಟ್ಟೂ ಬರೂದಿಲ್ಲ. ಛಲೋ ಆತು ಬಿಡು," ಎಂದಳು ದ್ಯಾಮವ್ವ. "ನನಗ ಒಲಿ ಮುಂದ ನಿಂತು ನಿಂತು ಭಾಳ ಸಿಟ್ಟು ಬರ್ತಿತ್ತು. ಆದರೂ ಮಗಳ, ನನ್ನ ಜಲ್ದಿ ಅಲ್ಲೇ ನಿಂದ್ರಸು. ಇಲ್ಲಿ ಮಕ್ಕೊಂಡು ಸಾಯಾಕ ನನಗ ಮನಸಿಲ್ಲ."

ಆಗ ವಾರ್ಡಿನಲ್ಲಿ ಎದುರು ಮಂಚದ ರೋಗಿಗೆ ಜೊತೆಯಾಗಿ ಜೈತುನಬಿ ಎಂಬ ಹೆಂಗಸಿದ್ದಳು. ನಾದಿನಿಯ ಆರೈಕೆಗೆ ಬಂದವಳು. ಒಂದು ಮಧ್ಯಾಹ್ನ ಅವಳು ನಾದಿನಿಗೆ ಅನ್ನ ಕಲಸಿ ಉಣಿಸುತ್ತಿದ್ದಾಗ ವಾರ್ಡಿನಲ್ಲಿ ಮೂರು ದೀಪಗಳು ಹೆಚ್ಚುಕಡಿಮೆ ಒಟ್ಟಿಗೆ ಹಸಿರಾದವು. ಒಂದು ಮಂಚಕ್ಕೆ ದಾದಿ ಬಂದು ತಲೆಯ ಕಡೆಯನ್ನು ಎತ್ತರಿಸಿ, ಉಳಿದ ಹಸಿರು ದೀಪಗಳಿಗೆ ಬೇರೆ ದಾದಿಯರು ಹೊರಟಿರಬೇಕೆಂದುಕೊಂಡು ಹೋದಳು. ಉಳಿದ ಎರಡರಲ್ಲಿ ಒಂದು ದ್ಯಾಮವ್ವನದು. ಜೈತುನಬಿ ಸ್ವಲ್ಪ ಹೊತ್ತು ನೋಡಿದಳು, ಯಾರೂ ಬರಲಿಲ್ಲ. ತಟ್ಟೆ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು. ದ್ಯಾಮವ್ವ ಕಣ್ಣು ಬಿಟ್ಟುಕೊಂಡೇ ಇದ್ದಳು, ತುಟಿಗಳು ನೀಲಿಗಟ್ಟಿದ್ದವು, ಉಸಿರು ಎಳೆಯಲಾಗುತ್ತಿರಲಿಲ್ಲ. ಜೈತುನಬಿ ವಾರ್ಡಿನ ಹೊರಗೆ ಓಡಿ, ಎದುರಿಗೆ ಸಿಕ್ಕ ವೈದ್ಯರ ತೋಳು ಹಿಡಿದು ಎಳೆದುಕೊಂಡು ಬಂದಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿ ಸಿಕ್ಕಿಕೊಂಡಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಯಾರ ಕೈಯಲ್ಲೂ ಏನೂ ಆಗುತ್ತಿರಲಿಲ್ಲ ಎಂದು ಆ ವೈದ್ಯರೇ ಹೇಳಿದರು.

ಸುದ್ದಿ ತಿಳಿದು ನೀಲಗಂಗಾ ಓಡಿ ಬಂದಾಗ ದ್ಯಾಮವ್ವ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದಳು. ಮಾತು ಬರುವಷ್ಟು ಚೇತರಿಸಿಕೊಂಡಿದ್ದಳು.

"ಒತ್ತಿದೆ ಮಗಳ," ಎಂದಳು. "ಹಸರ ದೀಪ ಹತ್ತಿತು. ನೀ ಹೇಳಿದ್ದಿಲ್ಲ, ನೀ ಕುಂತಂಗ ಅಂತ? ಅದಕ್ಕ ಒದರಲಿಲ್ಲ, ಸುಮ್ಮನ ಮಕ್ಕೊಂಡಿದ್ದೆ."

ಈ ಮಾತು ನೀಲಗಂಗಾಳ ಎದೆಗೆ ನಾಟಿತು. ದ್ಯಾಮವ್ವ ಒದರಬಹುದಿತ್ತು, ಪಕ್ಕದವರನ್ನು ಕರೆಯಬಹುದಿತ್ತು. ತನ್ನನ್ನು ನಂಬಿ ಸುಮ್ಮನಿದ್ದಳು. ನೀಲಗಂಗಾ ತನ್ನ ಕೋಣೆಗೆ ಹೋಗಿ, ಆ ಕರೆಯನ್ನು ಏನು ಮಾಡಿದೆ ಎಂದು ಸೂತ್ರಧಾರನನ್ನು ಕೇಳಿದಳು. ಉತ್ತರ ಸರಳವಾಗಿತ್ತು. ಹಳೆಯ ಹಲಗೆಗೆ ಇದ್ದದ್ದು ಒಂದೇ ಗುರುತು. ಯಾವ ಮಂಚದಿಂದ ಕರೆದರೂ ಅದು ತನ್ನ ಹೆಸರನ್ನೇ ಹೇಳುತ್ತಿತ್ತು, ಯಾವ ಮಂಚವೆಂಬುದನ್ನು ದಾದಿ ವಾರ್ಡಿಗೆ ಬಂದು ದೀಪ ನೋಡಿಯೇ ತಿಳಿಯಬೇಕಿತ್ತು. ಮೂರು ಮಂಚಗಳಿಂದ ಬಂದ ಮೂರು ಕರೆಗಳು ಸೂತ್ರಧಾರನಿಗೆ ಒಬ್ಬನೇ ಮೂರು ಸಲ ಕೂಗಿದಂತೆ ಕೇಳಿಸಿದ್ದವು. ಅವನು ಮೊದಲನೆಯದನ್ನು ಇಟ್ಟುಕೊಂಡು, ಅದಕ್ಕೆ ದಾದಿ ಹೋಗಿ ಮುಗಿಸುವವರೆಗೆ ಬಂದ ಉಳಿದವು ಅದರದೇ ಪುನರಾವರ್ತನೆಯೆಂದು ಬಿಟ್ಟುಬಿಟ್ಟಿದ್ದ. ಅವನ ಲೆಕ್ಕದಲ್ಲಿ ಅದು ಸರಿಯೇ. ದುಭಾಷಿ ಮಾತ್ರ ಮೂವರಿಗೂ ಹಸಿರು ದೀಪ ತೋರಿಸಿ, ಮರ್ಯಾದೆಯಿಂದ ಬಂದೆ ಎಂದಿತ್ತು.

ನೀಲಗಂಗಾ ಹಿಂದಿನ ತಿಂಗಳುಗಳ ದಾಖಲೆಯನ್ನೂ ತೆಗೆದು ನೋಡಿದಳು. ವಾರ್ಡಿನ ಕರೆಗಳಲ್ಲಿ ಒಂದು ದೊಡ್ಡ ಪಾಲು ಯಾವ ದಾದಿಗೂ ಮುಟ್ಟಿರಲೇ ಇಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆದರೆ ಒಂದು ಸಂಗತಿ ಬಗೆಹರಿಯಲಿಲ್ಲ. ಇಷ್ಟು ಕರೆಗಳು ಗಾಳಿಗೆ ಹೋಗಿದ್ದರೂ ಆ ವಾರ್ಡಿನಿಂದ ಒಂದು ದೂರೂ ಬಂದಿಲ್ಲವೇಕೆ? ಅವಳು ಮತ್ತೆ ವಾರ್ಡಿಗೆ ಹೋಗಿ ಜೈತುನಬಿಯನ್ನು ಕೇಳಿದಳು.

"ದಾದಿ ಬರದಿದ್ರ ನಾವ ಹೋಗ್ತಿದ್ವಿ," ಎಂದಳು ಜೈತುನಬಿ, ಇದರಲ್ಲಿ ಕೇಳುವಂಥದ್ದೇನಿದೆ ಎಂಬ ಧಾಟಿಯಲ್ಲಿ. "ನೀರು ಕೊಡೂದು, ಹೊದಿಕಿ ಹೊಚ್ಚೂದು, ಕೈ ಹಿಡಿದು ಪಾಯಖಾನಿಗೆ ಕರಕೊಂಡು ಹೋಗೂದು. ನಾವಷ್ಟ ಅಲ್ರಿ, ಎದ್ದು ಅಡ್ಡಾಡೂ ಪೇಶಂಟೂ ಹೋಗ್ತಿದ್ರು."

"ನಿಮಗ ಯಾರು ಹೇಳಿದ್ರು ಹೋಗ್ರಿ ಅಂತ?"

"ಯಾರು ಹೇಳ್ಬೇಕ್ರಿ? ಹಸರ ದೀಪ ಹತ್ತೇತಿ, ಬರ್ತೀವಿ ಅಂತ ದವಾಖಾನಿ ಮಾತು ಕೊಟ್ಟಂಗಾತು. ಮಾತು ಕೊಟ್ಟ ಮ್ಯಾಲ ಯಾರರೆ ಹೋಗಬೇಕಲ್ಲ. ಹೋಗದಿದ್ರ ದವಾಖಾನಿ ಮರ್ಯಾದಿ ಏನಾಗಬೇಕು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಪೆಟ್ಟಿಗೆಯೊಂದು ಯೋಚನೆಯಿಲ್ಲದೆ ಆಡಿದ ಮಾತನ್ನು ಈ ಹೆಂಗಸರು ತಿಂಗಳುಗಟ್ಟಲೆ ಒಡೆಯದಂತೆ ಕಾಪಾಡಿಕೊಂಡು ಬಂದಿದ್ದರು. ನೀಲಗಂಗಾ ಜೈತುನಬಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆದರೆ ಒಬ್ಬರ ಪ್ರಾಣವನ್ನು ಪಕ್ಕದ ಮಂಚದವರ ಒಳ್ಳೆಯತನಕ್ಕೆ ಬಿಟ್ಟು ಕೂರಲಾಗುವುದಿಲ್ಲ. ಇದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆ ವಾರವೇ ಅವಳು ಪ್ರತಿ ಗುಂಡಿಯ ವೈರಿಗೂ ಒಂದೊಂದು ಪುಟ್ಟ ಸಂವೇದಕ ಕಟ್ಟಿ, ಪ್ರತಿ ಮಂಚಕ್ಕೂ ಸೂತ್ರಧಾರನ ಬಳಿ ಬೇರೆ ಬೇರೆ ಹೆಸರು ಕೊಡಿಸಿದಳು. ದುಭಾಷಿಯ ಸುಳ್ಳನ್ನೂ ಅಳಿಸಿಹಾಕಿ, ಹಲಗೆಯ ಬಾಯಿ ಕಟ್ಟುವ ಕೆಲಸವನ್ನಷ್ಟೇ ಅದಕ್ಕೆ ಉಳಿಸಿದಳು. ಈಗ ದಾದಿಯೊಬ್ಬಳ ಕೈಪಟ್ಟಿ ಕರೆಯನ್ನು ಒಪ್ಪಿಕೊಂಡು ಅವಳು ಹೊರಟ ಮೇಲೆಯೇ ದೀಪ ಹಸಿರಾಗುವುದು. ಈ ಸಲ ಪರೀಕ್ಷೆಯಲ್ಲಿ ಅವಳು ಕೈ ಮುಗಿದು, ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಒಟ್ಟಿಗೆ ಒತ್ತಿರಿ ಎಂದು ಬೇಡಿಕೊಂಡಳು. ಎಲ್ಲ ಕರೆಗಳೂ ಮುಟ್ಟಿದವು. ಡಾಕ್ಟರ್ ಬಳಿಗಾರರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಬೈದರು, ಆಮೇಲೆ ಸರಿಪಡಿಸಿದ್ದನ್ನು ನೋಡಿ ಸುಮ್ಮನಾದರು.

ಅಂದಿನಿಂದ ಹಳೆಯ ವಾರ್ಡಿನಲ್ಲಿ ಕರೆದವರ ಬಳಿಗೆ ದಾದಿ ತಪ್ಪದೆ ಬರತೊಡಗಿದಳು. ಜೈತುನಬಿಯ ನಾದಿನಿ ಗುಣವಾಗಿ ಹೊರಟುಹೋದಳು. ಹೊಸದಾಗಿ ಬಂದವರು ಹಸಿರು ದೀಪ ಹತ್ತಿದ್ದನ್ನು ನೋಡುತ್ತಿದ್ದರು, ದಾದಿ ಬರುವುದನ್ನು ನೋಡುತ್ತಿದ್ದರು, ಮತ್ತೆ ತಮ್ಮ ಕೈಯಲ್ಲಿನ ಫೋನಿನ ಪರದೆಯ ಕಡೆ ತಿರುಗುತ್ತಿದ್ದರು. ವಾರ್ಡು ಶಾಂತವಾಯಿತು. ದಾದಿಯರ ಮುಖ್ಯಸ್ಥೆ ಎಸ್ತೇರ್ ಒಂದು ದಿನ ನೀಲಗಂಗಾಳಿಗೆ ಹೇಳಿದಳು:

"ಇಲ್ಲಿಯವರು ಈಗ ಬೇಗ ಮನೀಗೆ ಹೋಗವಲ್ರು ಮೇಡಂ. ಏಳ್ರಿ ಅಂದ್ರ ಏಳೂದಿಲ್ಲ, ಮಕ್ಕೊಂಡ ಇರ್ತಾರ."

ಎಲ್ಲರಿಗಿಂತ ಹೆಚ್ಚು ಮಲಗಿಯೇ ಇದ್ದವಳು ದ್ಯಾಮವ್ವ. ಎದೆಯ ತೊಂದರೆ ಕಳೆದಿತ್ತು, ಮೂಳೆ ಕೂಡಿಕೊಂಡಿತ್ತು. ನಡೆಯಬೇಕಾದದ್ದೊಂದೇ ಬಾಕಿ. ವ್ಯಾಯಾಮ ಮಾಡಿಸುವವರು ದಿನವೂ ಬಂದು ಅವಳನ್ನು ಕೂರಿಸುತ್ತಿದ್ದರು. ಕಾಲು ನೆಲಕ್ಕೆ ತಾಗಿಸಿದ ಕೂಡಲೇ ಅವಳು ಮೈ ಬಿಗಿಹಿಡಿದು, ಇವತ್ತು ಬೇಡ ಎಂದುಬಿಡುತ್ತಿದ್ದಳು. ಕೊನೆಗೆ ಡಾಕ್ಟರ್ ಬಳಿಗಾರರು ನೀಲಗಂಗಾಳನ್ನು ಕರೆಸಿ ನೇರವಾಗಿಯೇ ಹೇಳಿದರು. ತಿಂಗಳ ಕೊನೆಯೊಳಗೆ ನಡೆಯದಿದ್ದರೆ ಆ ಕಾಲು ಇನ್ನು ನಡೆಯುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಆದ್ದರಿಂದ ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವ ಬೇರೆ ಊರಿನ ಆಶ್ರಯಕ್ಕೆ ಕಳಿಸಬೇಕಾಗುತ್ತದೆ. ಖಾನಾವಳಿಯ ಮಾತು ಅಲ್ಲಿಗೆ ಮುಗಿದಂತೆ.

ನೀಲಗಂಗಾ ದ್ಯಾಮವ್ವನ ಬಳಿ ಹೋಗಿ ಕೂತಳು.

"ಒಂದು ಹೆಜ್ಜಿ ಇಡ್ರಿ ಅವ್ವಾ. ಒಲಿ ಮುಂದ ನಿಂದ್ರಬೇಕು ಅಂದಿದ್ರಲ್ಲ."

"ಒಲಿ ಅಲ್ಲೈತಿ, ನಾ ಇಲ್ಲಿ ಅದೀನಿ," ಎಂದಳು ದ್ಯಾಮವ್ವ. "ಇಲ್ಲಿ ಎದ್ದು ಎಲ್ಲಿಗೆ ಹೋಗ್ಲಿ ಹೇಳು. ಏನು ಬೇಕಂದ್ರೂ ಸಿಸ್ಟರ್ ತಂದು ಕೊಡ್ತಾಳ. ಭಾಳ ಛಲೋ ಹುಡುಗಿ ಐತಿ. ಬರ್ತಾಳ, ಕೊಡ್ತಾಳ, ಹೋಗ್ತಾಳ."

ಚಾವಣಿ ನೋಡುತ್ತ ಹೇಳಿದಳು: "ಈಗ ಕರೆದ್ರ ಸಿಸ್ಟರ್ ಬರ್ತಾಳ, ಖರೆ. ಮೊದಲ ಕರೆದ್ರ ಯಾರರೆ ಬರ್ತಿದ್ರು. ಆ ಜೈತುನ ಬಂದ್ರ ನೀರು ಕೊಟ್ಟು ಹಂಗ ಕುಂದ್ರತಿದ್ಲು. ಮಾತಾಡ್ತಿದ್ಲು. ಈಗ ಯಾರೂ ಬರೂದಿಲ್ಲ ಮಗಳ."

ಜಾಲದಲ್ಲಿ ಎಲ್ಲಿ ಏನು ತಪ್ಪಿದೆ ಎಂದರೆ ನೀಲಗಂಗಾ ಹುಡುಕಿ ತೆಗೆಯಬಲ್ಲಳು. ಇಲ್ಲಿ ತಪ್ಪೇ ಇರಲಿಲ್ಲ. ಎಲ್ಲ ಸರಿಯಾಗಿದ್ದಾಗ ಏನನ್ನು ತಿದ್ದುವುದು? ಬೇಸರದಿಂದ ಎದ್ದು ಬಂದಳು.

ತಿಂಗಳು ಮುಗಿಯುತ್ತ ಬಂದಾಗ ಸೂತ್ರಧಾರನ ಹೊಸ ಆವೃತ್ತಿಯನ್ನು ಹಾಕುವ ಕೆಲಸ ಬಂತು. ಎರಡು ಕಂಪನಿಗಳ ಸ್ವಿಚ್ಚುಗಳಲ್ಲಿ ಒಂದರದು ಹೊಸ ಆವೃತ್ತಿಗೆ ಹೊಂದಿಕೊಂಡಿತು, ಇನ್ನೊಂದರದು ಮೊಂಡು ಹಿಡಿಯಿತು. ಆ ಮೊಂಡು ಸ್ವಿಚ್ಚುಗಳೆಲ್ಲ ಇದ್ದದ್ದು ಕಲ್ಲುಕಟ್ಟಡದಲ್ಲೇ. ಹಾಗಾಗಿ ಒಂದು ಮಧ್ಯಾಹ್ನ ಹಳೆಯ ವಾರ್ಡನ್ನು ಜಾಲದಿಂದ ಬಿಡಿಸಿ ಕೆಲಸ ಮಾಡುವುದೆಂದು ಗೊತ್ತುಪಡಿಸಿದರು. ಅಷ್ಟು ಹೊತ್ತು ದಾದಿಯರು ವಾರ್ಡಿನೊಳಗೇ ಕುರ್ಚಿ ಹಾಕಿಕೊಂಡು ಕೂತಿರಬೇಕು. ಎಸ್ತೇರ್ ಒಂದು ತುದಿಯಲ್ಲಿ ಕೂತಳು. ನೀಲಗಂಗಾ ಹಲಗೆಯ ಬಳಿ ನೆಲದ ಮೇಲೆ ಕೂತು, ಮುಚ್ಚಳ ಬಿಚ್ಚಿ ಕೆಲಸಕ್ಕೆ ತೊಡಗಿದಳು.

ದ್ಯಾಮವ್ವನ ಎದುರಿನ ಮಂಚಕ್ಕೆ ಹಿಂದಿನ ದಿನವಷ್ಟೇ ಒಬ್ಬ ಹುಡುಗಿ ಬಂದಿದ್ದಳು. ಸ್ಕೂಟರಿನಿಂದ ಬಿದ್ದು ಎರಡೂ ಕೈಗಳಿಗೆ ಭುಜದವರೆಗೆ ಪ್ಲಾಸ್ಟರ್. ಅವಳ ತಾಯಿ ಔಷಧ ತರಲು ಹೊರಗೆ ಹೋಗಿದ್ದಳು. ಹುಡುಗಿ ಹೊರಳಿ ಮೊಣಕೈಯಿಂದ ಗುಂಡಿ ಒತ್ತಿದಳು. ದೀಪ ಕೆಂಪಾಯಿತು. ಉತ್ತರ ಕೊಡುವವರಿಲ್ಲದೆ ಹಳೆಯ ಹಲಗೆ ಬಹಳ ದಿನಗಳ ಮೇಲೆ ತನ್ನ ನಿಜವಾದ ದನಿಯಲ್ಲಿ ಕಿರ್ ಎಂದು ಕೂಗಿಕೊಂಡಿತು.

ಎಸ್ತೇರ್ ಎದ್ದಳು, ಎದ್ದವಳು ಹಾಗೆಯೇ ನಿಂತಳು. ದ್ಯಾಮವ್ವ ಹೊದಿಕೆ ಸರಿಸಿ ಎದ್ದು ಕೂತಿದ್ದಳು. ಕೆಂಪು ದೀಪವನ್ನು ನೋಡಿದಳು, ಆಚೆ ಈಚೆ ನೋಡಿದಳು. ಸುತ್ತಲಿನವರು ಪರದೆಗಳಿಂದ ತಲೆ ಎತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಟವೆಲು ಒಣಗಿಸಲಷ್ಟೇ ಉಪಯೋಗಕ್ಕೆ ಬರುತ್ತಿದ್ದ ವಾಕರ್ ನಿಂತಿತ್ತು. ಅವಳು ಟವೆಲನ್ನು ತೆಗೆದು ಹಾಸಿಗೆಯ ಮೇಲೆ ಎಸೆದಳು.

ಆ ಕ್ಷಣಕ್ಕೇ ನೀಲಗಂಗಾಳ ಕೈಪಟ್ಟಿ ಮಿಡಿಯಿತು. ಹೊಸ ಆವೃತ್ತಿ ಸಿದ್ಧವಾಗಿತ್ತು. ವಾರ್ಡನ್ನು ಜೋಡಿಸಲೇ ಎಂದು ಸೂತ್ರಧಾರ ಕೇಳುತ್ತಿದ್ದ. ಹೂಂ ಎಂದರೆ ಸಾಕು, ಕರೆ ಎಸ್ತೇರಳ ಕೈಪಟ್ಟಿಗೆ ಹೋಗುತ್ತದೆ, ದೀಪ ಹಸಿರಾಗುತ್ತದೆ, ಗಂಟೆ ನಿಲ್ಲುತ್ತದೆ, ದ್ಯಾಮವ್ವ ಮತ್ತೆ ಮಲಗುತ್ತಾಳೆ. ನೀಲಗಂಗಾ ಎಸ್ತೇರಳ ಕಡೆ ನೋಡಿದಳು. ಎಸ್ತೇರ್ ಹುಡುಗಿಯನ್ನು ಒಮ್ಮೆ ದೂರದಿಂದಲೇ ಪರೀಕ್ಷಿಸಿ ನೋಡಿ, ಅಪಾಯವೇನೂ ಇಲ್ಲವೆಂಬಂತೆ ತಲೆಯಾಡಿಸಿ, ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ನೀಲಗಂಗಾ ಸೂತ್ರಧಾರನಿಗೆ, ತಾಳು ಎಂದಳು.

ದ್ಯಾಮವ್ವ ನಿಂತಳು. ನಿಂತವಳಿಗೆ ನಡುಕ ಬಂತು. ಒಂದು ಕಾಲು ಮುಂದಿಟ್ಟಳು, ಇನ್ನೊಂದನ್ನು ಎಳೆದುಕೊಂಡಳು, ಯಾರಿಗೋ ಬೈದಳು, ಮತ್ತೆ ಒಂದು ಕಾಲು ಇಟ್ಟಳು. ಎರಡು ಮಂಚಗಳ ನಡುವಿನ ಆ ಪುಟ್ಟ ಹಾದಿ ದಾಟಲು ಅವಳು ತೆಗೆದುಕೊಂಡ ಹೊತ್ತಿನಲ್ಲಿ ಸೂತ್ರಧಾರ ಇನ್ನೂ ಎರಡು ಸಲ, ಜೋಡಿಸಲೇ ಎಂದು ಕೇಳಿದ. ಗಂಟೆ ಬಾಯಿ ಬಿಡುತ್ತಲೇ ಇತ್ತು. ಒಬ್ಬೊಬ್ಬರಾಗಿ ವಾರ್ಡಿನವರೆಲ್ಲ ತಲೆ ಎತ್ತಿ ನೋಡತೊಡಗಿದರು. ನೀಲಗಂಗಾಳಿಗೆ ಓಡಿ ಹೋಗಿ ಹಿಡಿದುಕೊಳ್ಳಬೇಕೆನಿಸಿತು. ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಲ್ಲೇ ಕೂತಳು.

"ಏನಾತವಾ?" ಹುಡುಗಿಯ ಮಂಚದ ಸರಳು ಹಿಡಿದುಕೊಂಡು ದ್ಯಾಮವ್ವ ಕೇಳಿದಳು.

ಹುಡುಗಿ ನಾಚಿಕೊಂಡಳು. "ಮೂಗು ತುರಸಾಕತ್ತೈತ್ರಿ ಅಜ್ಜಿ. ಭಾಳ ಹೊತ್ತಾತ್ರಿ."

ದ್ಯಾಮವ್ವ ಮಂಚದ ಮೇಲೆ ಕೂತು, ಸೆರಗಿನ ತುದಿಯಿಂದ ಹುಡುಗಿಯ ಮೂಗನ್ನು ಚೆನ್ನಾಗಿ ತಿಕ್ಕಿದಳು. ಹಣೆಯ ಮೇಲೆ ಬಿದ್ದಿದ್ದ ಕೂದಲನ್ನೂ ಹಿಂದಕ್ಕೆ ಸರಿಸಿದಳು. ಆಮೇಲೆ, ನೀ ಯಾರ ಪೈಕಿ, ಮುಂಜಾನೆ ಏನು ಉಂಡಿ ಎಂದು ವಿಚಾರಣೆಗೆ ತೊಡಗಿದಳು. ತಾನು ನಡೆದು ಬಂದದ್ದು ಅವಳ ಗಮನಕ್ಕೆ ಇನ್ನೂ ಬಂದಿರಲಿಲ್ಲ. ಎಸ್ತೇರ್ ಮುಖ ಆ ಕಡೆ ಮಾಡಿ ಕಣ್ಣು ಒರೆಸಿಕೊಂಡಳು. ನೀಲಗಂಗಾ ಅತ್ತೇ ಬಿಟ್ಟಳು.

ಮರುದಿನ ಡಾಕ್ಟರ್ ಬಳಿಗಾರರು ಅವಳನ್ನು ಕರೆಸಿದರು. ಅವರ ಮುಂದಿದ್ದ ಪರದೆಯಲ್ಲಿ, ವಾರ್ಡನ್ನು ಮತ್ತೆ ಜೋಡಿಸಿದ ಮೇಲೆ ಸೂತ್ರಧಾರ ಒಪ್ಪಿಸಿದ ಹಿಂದಿನ ದಿನದ ವರದಿ ಇತ್ತು. ಇಡೀ ಆಸ್ಪತ್ರೆಯಲ್ಲಿ ಒಂದೇ ಒಂದು ಸಾಲು ಕೆಂಪಾಗಿತ್ತು.

"ಹಳೇ ವಾರ್ಡಿನಾಗ ಒಂದು ಕರೆಗೆ ಉತ್ತರ ಸಿಕ್ಕಿಲ್ಲ ಅಂತಾನ ನಿಮ್ಮ ಸೂತ್ರಧಾರ. ಯಾರೂ ಹೋಗಲಿಲ್ಲೇನು?"

"ಹೋದರ್ರಿ ಸರ್. ಹೋದವರು ಜಾಲದಾಗ ಇಲ್ಲ," ಎಂದು ನೀಲಗಂಗಾ ನಡೆದದ್ದನ್ನೆಲ್ಲ ಹೇಳಿದಳು. ಜೈತುನಬಿಯವರ ಕಾಲದಲ್ಲಿ ಆ ವಾರ್ಡಿನವರು ಬೇಗ ಗುಣವಾಗುತ್ತಿದ್ದದ್ದು ಏಕೆಂದು ತನಗೆ ಈಗ ಅರ್ಥವಾಯಿತು ಎಂದೂ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಒಳ್ಳೆಯದು ಕಂಡರೆ ಅದನ್ನು ಪದ್ಧತಿಯೊಳಗೆ ಕೂರಿಸಬೇಕೆಂಬ ಆಸೆಯವರು.

"ಹಂಗಿದ್ರ ಅವರನ್ನೂ ಜಾಲಕ್ಕ ಸೇರಿಸಿಬಿಡೋಣು," ಎಂದರು. "ಎಲ್ಲಾ ಪೇಶಂಟಿಗೂ ಒಂದೊಂದು ಕೈಪಟ್ಟಿ ಕೊಡೋಣು. ದಾದಿ ಬಿಡುವಿಲ್ಲದಾಗ ಸೂತ್ರಧಾರ ಅವರಿಗೆ ಹೇಳಲಿ. ಹೊಂದಾಣಿಕಿ ಆಗ್ತದೇನು?"

"ಆಗ್ತದ್ರಿ ಸರ್," ಎಂದಳು ನೀಲಗಂಗಾ. "ಆದರ ಅವ ಹೇಳಿದ್ರ ಅವರು ಏಳೂದಿಲ್ರಿ."